ಬೇಲಿ ಮೇಷ್ಟ್ರು

ನಮ್ಮ ಪಕ್ಕದ ಮನೆಯವರು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಾರೆ. ಹುಡುಗರು ಅವರಿಗಿಟ್ಟ ಹೆಸರು ಬೇಲಿ ಮೇಷ್ಟ್ರು. ಚೆಂಡನ್ನು ಬುಟ್ಟಿಗೆ ಹಾಕುವುದಕ್ಕಿಂತ, ಎದುರಾಳಿಯನ್ನು ಬುಟ್ಟಿಯ ಹತ್ತಿರ ಸುಳಿಯಗೊಡದಿರುವುದೇ ಅವರ ಪಾಲಿಗೆ ಆಟ. ಊಟಕ್ಕೆ ಕೂತರೂ ಉಪ್ಪಿನ ಡಬ್ಬಿ, ಲೋಟ, ಚಮಚಗಳನ್ನು ತಟ್ಟೆಯ ಸುತ್ತ ಕಾವಲು ನಿಲ್ಲಿಸಿ, "ಈಗ ನುಗ್ಗಲಿ ನೋಡೋಣ" ಎನ್ನುತ್ತಾರೆ. ಕಿಟಕಿ ಗಾಳಿಗೆ ಬಡಿದರೆ ಎದ್ದು ಓಡಿ ಬಾಗಿಲು ನೋಡುತ್ತಾರೆ. ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ, ಬೀಗ ಜಗ್ಗಿ ನೋಡಲು ಮೇಷ್ಟ್ರು, ಮೇಷ್ಟ್ರು ಜಗ್ಗಿದರೋ ಇಲ್ಲವೋ ಎಂದು ನೋಡಲು ಅವರ ಹೆಂಡತಿ. ಈ ಸಲದ ಪಂದ್ಯಾವಳಿಯಲ್ಲಿ, ಯಾರೂ ಲೆಕ್ಕಕ್ಕಿಟ್ಟಿರದ ಕಾಲೇಜೊಂದರ ಕುಳ್ಳ ಹುಡುಗರು ಮೇಷ್ಟ್ರ ತಂಡ ಕಟ್ಟಿದ ಬೇಲಿಯ ಹತ್ತಿರ ಬರಲೇ ಇಲ್ಲ. ದೂರದಲ್ಲೇ ನಿಂತು, ಎತ್ತಿದ ಕೈಗಳ ಮೇಲಿಂದ ಚೆಂಡನ್ನು ತೂರಿ ತೂರಿ ಗೆದ್ದುಬಿಟ್ಟರು. ಅಂದಿನಿಂದ ಮೇಷ್ಟ್ರು ಬೀಗ ಜಗ್ಗುವುದನ್ನೇ ಬಿಟ್ಟಿದ್ದಾರೆ. ಅದನ್ನು ಕಂಡು ನನಗೇ ದಿಗಿಲು. ನಿನ್ನೆ ರಸ್ತೆ ದಾಟುವಾಗ ಸಿಕ್ಕರು. ಎಂದೂ ಹೆಂಡತಿಯ ಕೈ ಹಿಡಿದು ನಡೆದವರಲ್ಲ, ನಿನ್ನೆ ಬಿಗಿಯಾಗಿ ಹಿಡಿದಿದ್ದರು. "ಬಿಡ್ರೀ, ಬೆರಳು ನೋಯ್ತಿದೆ," ಎಂದರು ಆಕೆ. "ನಮ್ಮ ಹುಡುಗರೆಲ್ಲ ಅವರವರ ಜಾಗದಲ್ಲೇ ನಿಂತಿದ್ರು ಕಣೇ," ಎಂದರು ಮೇಷ್ಟ್ರು, ತಲೆಯೆತ್ತಿ ಖಾಲಿ ಆಕಾಶವನ್ನು ನೋಡುತ್ತ.