ರೂಟ್ ಆದ ಒಂದು ಮಧ್ಯಾಹ್ನ

ಜೀವಮಾನದಲ್ಲಿ ನಾನು ಮಾಡಿದ್ದು ಒಂದೇ ಕಳ್ಳತನ. ಅದೂ ಹಾಡಹಗಲೇ, ಎಡಗೈಯಲ್ಲಿ ಸ್ಯಾಂಡ್‌ವಿಚ್ ಹಿಡಿದುಕೊಂಡು.

ತೊಂಬತ್ತರ ದಶಕದ ಕೊನೆಯ ಮಾತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಒಂದು ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಸುಮಾ ಡಾಕ್ಟರು. ಅಲ್ಲಿಯ ಕಂಪ್ಯೂಟರ್ ವಿಭಾಗದಲ್ಲಿ ನಾನು ಇದ್ದೂ ಇಲ್ಲದಂಥವನು. ಪಕ್ಕದ ಲೆಸ್ಟರ್ ಊರಿನಲ್ಲಿ ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದ ನಾಟಕದಲ್ಲಿ ನನಗೆ ರಾಜನ ಪಾತ್ರ ಸಿಕ್ಕಿತ್ತು. ಸುಮಾ ಮುಂದಿನ ಸಾಲಿನಲ್ಲಿ ಕೂತು ನೋಡಬೇಕು, ಅಷ್ಟೇ ನನ್ನ ಆಸೆ.

"ಏನ್ಮಾಡ್ಲಿ ರೀ, ಆ ಭಾನುವಾರಾನೇ ಡ್ಯೂಟಿ ರೋಟಾದಲ್ಲಿ ನನ್ನ ಹೆಸರು ಹಾಕ್ಬಿಟ್ಟಿದ್ದಾರೆ," ಎಂದಳು.

ಅದೇ ವಾರ ನಮ್ಮ ಯೂನಿಕ್ಸ್ ಯಂತ್ರದ ಟರ್ಮಿನಲ್ ಪ್ರೋಗ್ರಾಂನಲ್ಲಿ, ಅಂದರೆ ನಾವು ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಒಂದು ತೂತಿದೆಯೆಂದು ಇಮೇಲ್ ಬಂತು. ಯಾರು ಒಳಗೆ ಬಂದರೆಂದು ದಾಖಲೆ ಬರೆಯಲು ಅದಕ್ಕೆ ಯಂತ್ರದ ಯಜಮಾನನಾದ 'ರೂಟ್'ನ ಅಧಿಕಾರ ಕೊಟ್ಟಿದ್ದರು. ಬರೆದಾದ ಮೇಲೂ ಅದು ಆ ಅಧಿಕಾರವನ್ನು ಹಿಂತಿರುಗಿಸುತ್ತಿರಲಿಲ್ಲ. ಇದರಲ್ಲಿ ಆಶ್ಚರ್ಯವೇನು? ನಮ್ಮ ಸಂಘದ ಅಧ್ಯಕ್ಷರು ಒಂದು ವರ್ಷಕ್ಕೆಂದು ಬಂದವರು, ಒಂಬತ್ತು ವರ್ಷದಿಂದ ಮೈಕ್ ಬಿಟ್ಟಿಲ್ಲ. ಆ ತೂತಿನಲ್ಲಿ ನನ್ನಂಥ ಬಡಪಾಯಿಯೂ ನುಗ್ಗಿ ರೂಟ್ ಆಗಬಹುದಿತ್ತು. ತೇಪೆ ಹಾಕಬೇಕಾದ ನಮ್ಮ ಮ್ಯಾನೇಜರ್ ಕಾಲಿನ್ ರಜೆಯ ಮೇಲೆ ಸ್ಪೇನ್‌ನಲ್ಲಿದ್ದ.

ನುಗ್ಗಿದೆ. ಇಲ್ಲದ ಮೀಸೆ ತಿರುವಿದೆ. ಸುಮಾಳ ಹೆಸರು ಅಳಿಸಿ, ಕಣ್ಣಿಗೆ ಬಿದ್ದ ಇನ್ನೊಬ್ಬ ಡಾಕ್ಟರನ್ನು ಆ ಭಾನುವಾರಕ್ಕೆ ತಳ್ಳುವುದು ನನ್ನ ಹುನ್ನಾರ. ಆ ಯಂತ್ರದಲ್ಲೇ ಇದ್ದ ರೋಟಾದ ಕಡತ ತೆರೆದರೆ ಅವಳ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಹೀಗೊಂದು ಟಿಪ್ಪಣಿ: 'ತಾವೇ ಕೇಳಿ ಹಾಕಿಸಿಕೊಂಡ ಡ್ಯೂಟಿ. ಕಾರಣ: ಗಂಡನ ನಾಟಕ.'

ಸ್ಯಾಂಡ್‌ವಿಚ್ ಕೆಳಗಿಟ್ಟೆ. ಜಗಳ ಆಡೋಣವೆಂದರೆ ನನ್ನ ಕಳ್ಳತನವೇ ಬಯಲಾಗುತ್ತದೆ. ಏನನ್ನೂ ಮುಟ್ಟದೆ ಹೊರಬಂದು, ಕಾಲಿನ್‌ಗೆ ಫೋನ್ ಮಾಡಿ, ಅವನಿಂದ ಹೇಳಿಸಿಕೊಂಡು ತೂತು ಮುಚ್ಚಿದೆ.

ಸಂಜೆ ಮನೆಯಲ್ಲಿ, "ನಾಟಕದಿಂದ ನನ್ನ ತೆಗೆದುಹಾಕಿದ್ರು ಕಣೇ," ಎಂದೆ.

"ಅಯ್ಯೋ ಪಾಪ," ಎಂದವಳ ಮುಖ ಅರಳಿಯೇಬಿಟ್ಟಿತು. "ಹಾಗಾದ್ರೆ ಡ್ಯೂಟಿ ಬದಲಾಯಿಸ್ಕೋತೀನಿ, ಇಬ್ರೂ ಕೂತು ನೋಡೋಣ. ಕೇಳಿದ್ರೆ ಕೊಡ್ತಾರೆ ರೀ."

ಭಾನುವಾರ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಮಕ್ಕಳ ಹಾಡು ಶುರುವಾದಾಗ ಕಾಫಿ ತರುತ್ತೇನೆಂದು ಎದ್ದವನು ಕಿರೀಟ ಧರಿಸಿ ರಂಗದ ಮೇಲೆ ಪ್ರತ್ಯಕ್ಷನಾದೆ. ಅವಳು ನೋಡಿದ ನೋಟಕ್ಕೆ ಮೊದಲ ಮಾತೇ ಮರೆತುಹೋಯಿತು. ನನ್ನ ಮಾನ ಹೋಗುವುದರಲ್ಲಿತ್ತು. ಆಗ ಸುಮಾ, ಎರಡು ತಿಂಗಳು ಬಚ್ಚಲುಮನೆಯಲ್ಲಿ ನಾನು ಮಾಡುತ್ತಿದ್ದ ಅಭ್ಯಾಸ ಕೇಳಿ ಕೇಳಿ ಸುಸ್ತಾಗಿದ್ದ ಸುಮಾ, ಕೂತಲ್ಲಿಂದಲೇ ಆ ಮಾತನ್ನು ಗಟ್ಟಿಯಾಗಿ ಹೇಳಿಕೊಟ್ಟಳು. ಆಮೇಲೆ ಎರಡನೆಯದನ್ನೂ.