ಕೆಂಪು ಚೌಕಕ್ಕಿಂತ ಒಂದು ಗೇಣು ಮೇಲೆ

ನನ್ನ ಗಂಡ ಶೂ ರಿಪೇರಿ ಮಾಡುವವರು. ಅಟ್ಟೆ ಸವೆದ ರೀತಿ ನೋಡಿ ಮನುಷ್ಯನ ಜಾತಕವನ್ನೇ ಹೇಳಿಬಿಡುತ್ತೇನೆ ಎಂಬ ಜಂಬ ಅವರಿಗೆ. ಯಾರಿಗೆ ಸೊಂಟ ನೋವು, ಯಾರು ಕಾಲೆಳೆದು ನಡೆಯುತ್ತಾರೆ, ಎಲ್ಲ ಗೊತ್ತು. ಹೆಂಡತಿಗೆ ಸಿಟ್ಟು ಬಂದದ್ದು ಮಾತ್ರ ಗೊತ್ತಾಗುವುದಿಲ್ಲ.

ಹರೆಯದಲ್ಲಿ ಅವರು ಬೇಸ್‌ಬಾಲ್ ತಂಡದ ಕ್ಯಾಚರ್. ಪಿಚರ್ ಎಸೆದ ಚೆಂಡು ಹಿಡಿದು ಹಿಡಿದು ಎರಡು ಬೆರಳು ಸೊಟ್ಟಗಾಗಿವೆ. ನನ್ನ ಅಣ್ಣನ ಮಗಳು ಶಾಲೆಯ ತಂಡಕ್ಕೆ ಪಿಚರ್ ಆದ ದಿನ ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೇಸಿಗೆಯ ಹೊತ್ತಿಗೆ ಹುಡುಗಿಯ ಗುರಿ ಕೆಟ್ಟಿತು. ಎಸೆದದ್ದೆಲ್ಲ ಮೇಲೆ. ಒಂದು ಪಂದ್ಯದಲ್ಲಿ ಚೆಂಡು ಎದುರು ತಂಡದ ಹುಡುಗಿಯ ಬಾಯಿಗೇ ಬಡಿದು ಎರಡು ಹಲ್ಲು ಹೋದವು. ತಿಂಗಳೊಳಗೆ ಸರಿಹೋಗದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದರು ಕೋಚ್.

ಇವರು ಅಂಗಡಿಯ ಹಿಂದಿನ ಗೋಡೆಗೆ ಹಳೇ ಹಾಸಿಗೆ ತೂಗುಹಾಕಿ, ಅದರ ಮೇಲೆ ಕೆಂಪು ಚರ್ಮದ ಚೌಕ ಹೊಲಿದರು. ದಿನಕ್ಕೆ ನೂರು ಎಸೆತ. ಮಣಿಕಟ್ಟು ತಿದ್ದಿದರು, ಭುಜ ತಿದ್ದಿದರು, ಬೆರಳಿನ ಹಿಡಿತ ಬದಲಿಸಿದರು. ಚೆಂಡು ಮಾತ್ರ ಚೌಕಕ್ಕಿಂತ ಒಂದು ಗೇಣು ಮೇಲೆಯೇ.

"ಸಾಕು ಮಾಡ್ರಿ, ಮಗು ಕೈ ಬಿದ್ದುಹೋಗುತ್ತೆ" ಎಂದು ನಾನು ಬೈದೆ. ಕೇಳಬೇಕಲ್ಲ!

"ಕೈ ಸರಿಯಾಗೇ ಇದೆ. ತೊಂದ್ರೆ ಇರೋದು ಇವಳ ತಲೇಲಿ!" ಎಂದು ಕೂಗಿದರು.

"ತಲೆ ಹೇಗೆ ರಿಪೇರಿ ಮಾಡ್ತೀರಾ ಮಾವ?" ಎಂದಳು ಹುಡುಗಿ. ನಗಲಿಲ್ಲ. ಆಮೇಲಾಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ. ತನ್ನ ಬಲಗೈಯನ್ನೇ ನೋಡುತ್ತ ಕೂತಿರುತ್ತಿದ್ದಳು.

ತಿಂಗಳು ಮುಗಿಯಿತು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನೇರ ಅಂಗಡಿಗೆ ಬಂದು ಶೂಗಳನ್ನು ಬಿಚ್ಚಿ ಎಸೆದಳು.

"ಯಾರಿಗಾದ್ರೂ ಕೊಟ್ಬಿಡಿ ಮಾವ. ಈ ಕೈ ಇರೋದೇ ಜನರಿಗೆ ಹೊಡೆಯೋಕೆ."

ಇವರು ಅಭ್ಯಾಸಬಲದಿಂದ ಶೂಗಳನ್ನು ತಿರುಗಿಸಿ ನೋಡಿದರು. ಬಲಗಾಲಿನದು ಸರಿಯಾಗಿ ಸವೆದಿತ್ತು. ಎಡಗಾಲಿನದು ಹೊರ ಅಂಚಿನಲ್ಲಷ್ಟೇ. ಒಳಗೆ ಬೆರಳು ಹಾಕಿ ಪದರ ಎತ್ತಿದರು. ಹಿಮ್ಮಡಿಯ ಜಾಗದಲ್ಲಿ ಬೆರಳು ದಪ್ಪದ ಟೈರಿನ ರಬ್ಬರು.

ಅವರ ಮುಖ ಬಿಳಿಚಿಕೊಂಡಿತು. ಬೇಸಿಗೆಗೆ ಮುಂಚೆ ಹುಡುಗಿ ಎಡ ಹಿಮ್ಮಡಿ ನೋವು ಎಂದಾಗ ಅದನ್ನು ಇಟ್ಟವರು ಅವರೇ. ನೋವು ಹೋಯಿತೆಂದು ಬೀಗಿ, ಮರೆತೇಬಿಟ್ಟಿದ್ದರು. ಎಸೆಯುವಾಗ ಮೈಭಾರವೆಲ್ಲ ಬೀಳುವುದು ಮುಂದಿಟ್ಟ ಎಡಗಾಲಿನ ಮೇಲೆ. ಆ ಕಾಲು ಎತ್ತರವಾದರೆ ಚೆಂಡೂ ಎತ್ತರ. ಊರವರ ಅಟ್ಟೆಯನ್ನೆಲ್ಲ ಓದಿದ ಮನುಷ್ಯ, ಮನೆಮಗಳದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ.

ರಬ್ಬರು ಕಿತ್ತು ಹಾಕಿದರು. "ಹತ್ತೇ ಹತ್ತು ಎಸಿ" ಎಂದು ಬೇಡಿಕೊಂಡರು. ಒಂಬತ್ತು ಚೌಕಕ್ಕೇ ಬಡಿದವು.

ನಾನು ಚಪ್ಪಾಳೆ ತಟ್ಟಿದೆ. ಇವರು ನೆಲದ ಮೇಲೆ ಕುಸಿದು ಅಳತೊಡಗಿದರು.

"ತಪ್ಪು ನಂದು ಕಣಮ್ಮ. ಈಗಲೇ ಕೋಚ್ ಹತ್ರ ಹೋಗಿ ಹೇಳ್ತೀನಿ."

ಹುಡುಗಿ ರಬ್ಬರಿನ ತುಂಡನ್ನು ಎತ್ತಿ ಅವರ ಕೈಗಿಟ್ಟಳು.

"ಕೋಚ್ ಆಮೇಲೆ. ಮೊದಲು ಆ ಹಲ್ಲು ಹೋದ ಹುಡುಗಿ ಮನೆಗೆ ಹೋಗೋಣ ಮಾವ. ನಾನು ಬೇಕಂತಲೇ ಹೊಡೆದೆ ಅಂದ್ಕೊಂಡಿದ್ದಾಳೆ. ನನಗೂ ಹಾಗೇ ಅನ್ನಿಸೋಕೆ ಶುರುವಾಗಿತ್ತು."