ಹೆಬ್ಬೂರಕ್ಕನ ಪ್ರಾಜೆಕ್ಟ್

ಹೋದ ತಿಂಗಳು ಒಂದು ದಿನ ಪಕ್ಕದ ಮನೆಯವರು ಹುಚ್ಚೆಳ್ಳು ಹುರಿಯುತ್ತಿದ್ದರು. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುತ್ತಾರೆ. ನಾನು ಬಟ್ಟೆ ಮಡಚುತ್ತಿದ್ದೆ. ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಕೈಯಲ್ಲಿದ್ದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದೆ. ಎದ್ದು ಎಲ್ಲಿಗೆ ಹೋಗಬೇಕು ಅನ್ನುವುದು ಗೊತ್ತಿರಲಿಲ್ಲ. ಅಡುಗೆಮನೆಗೆ ಹೋದೆ, ವರಾಂಡಕ್ಕೆ ಬಂದೆ, ಬೀರು ತೆಗೆದು ಮುಚ್ಚಿದೆ. "ಏನ್ ಹುಡುಕ್ತಿದೀಯ?" ಅಂತ ನಮ್ಮ ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. ಏನೂ ಇಲ್ಲ ಅಂದೆ. ಕೂತಲ್ಲಿ ಕೂರುವ ಜಾಯಮಾನ ನನಗೆ ಮೊದಲಿಂದಲೂ ಇಲ್ಲ. ಆದರೆ ಈ ಚಡಪಡಿಕೆ ಬೇರೆ. ಇದು ಬಂದಾಗಲೆಲ್ಲ ಒಬ್ಬರ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ನಮ್ಮ ಕ್ಲಾಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಕುಣಿಗಲ್ ಬಸ್ಸಿನಲ್ಲಿ ಹೆಬ್ಬೂರಿನಿಂದ ಬರುತ್ತಿದ್ದರು, ಹಾಗಾಗಿ ಹೆಬ್ಬೂರಕ್ಕ. ಅವರ ಊರು ಹೆಬ್ಬೂರೇ ಅಲ್ಲ, ಅಲ್ಲಿಂದ ಇನ್ನೂ ಒಳಗೆ ಆಟೋದಲ್ಲಿ ಹೋಗಬೇಕಿತ್ತು. ನಾನು ಆಗ ಗುಬ್ಬಿಯಲ್ಲಿದ್ದೆ, ರೈಲಿನಲ್ಲಿ ಬರುತ್ತಿದ್ದೆ. ಅವರಿಗೆ ನಾನು ಗುಬ್ಬಿ ತಂಗಿ.

ಆರೇಳು ವರ್ಷದ ಹಿಂದಿನ ಮಾತು. ತುಮಕೂರಿನ ಒಂದು ಕಾಲೇಜಿನ ಕಟ್ಟಡದಲ್ಲಿ ಭಾನುವಾರ ಭಾನುವಾರ ಪಾಠ. ವ್ಯವಹಾರ ನಿರ್ವಹಣೆಯಲ್ಲಿ ಎರಡು ವರ್ಷದ ಡಿಪ್ಲೊಮಾ, ಓದು ಬಿಟ್ಟು ಬಹಳ ಕಾಲವಾದವರಿಗೆ ಅಂತಲೇ ಮಾಡಿದ್ದು. ವಾರವೆಲ್ಲ ಪಿಯುಸಿ ಮಕ್ಕಳು ಕೂರುವ ಬೆಂಚುಗಳಲ್ಲಿ ಭಾನುವಾರ ನಾವು, ನಲವತ್ತು ದಾಟಿದವರು, ಮಂಡಿಯನ್ನು ಡೆಸ್ಕಿಗೆ ತಗುಲಿಸಿಕೊಂಡು ಕೂರುತ್ತಿದ್ದೆವು. ಪಾಠ ಮಾಡುವ ಸರ್ ನಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ನಾವು ಅವರಿಗೆ ಸರ್ ಅನ್ನುವುದು, ಅವರು ನಮಗೆ ಮೇಡಂ ಅನ್ನುವುದು, ಇಬ್ಬರಿಗೂ ಒಳಗೊಳಗೇ ನಗು.

ನಾನು ತುಮಕೂರಿನಲ್ಲೇ ಒಂದು ನರ್ಸಿಂಗ್ ಹೋಮಿನ ರಿಸೆಪ್ಷನ್ನಿನಲ್ಲಿದ್ದೆ. ಆಡಳಿತ ನೋಡಿಕೊಳ್ಳುತ್ತಿದ್ದ ಮೇಡಂ ಕೆಲಸ ಬಿಡುವವರಿದ್ದರು. ಸರ್ಟಿಫಿಕೇಟ್ ಇದ್ದರೆ ಆ ಜಾಗ ನಿನಗೇ ಅಂತ ಡಾಕ್ಟರು ಹೇಳಿದ್ದರು. ಹೆಬ್ಬೂರಕ್ಕನದೂ ಹೆಚ್ಚುಕಡಿಮೆ ಅದೇ ಕಥೆ. ಅವರ ಊರಿನಲ್ಲಿ ಹೆಂಗಸರದೇ ಒಂದು ಡೈರಿ. ಬೆಳಿಗ್ಗೆ ಸಂಜೆ ಹಾಲು ತಂದವರ ಕ್ಯಾನಿಗೆ ಪರೀಕ್ಷೆ ಕೊಳವೆ ಇಳಿಸಿ ಗುಣ ನೋಡುವ ಕೆಲಸ ಇಪ್ಪತ್ತು ವರ್ಷದಿಂದ ಅಕ್ಕನದು. ಸೆಕ್ರೆಟರಿ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಪಿಯುಸಿ ಸಾಲದು, ಮೇಲೆ ಒಂದು ಡಿಪ್ಲೊಮಾನಾದರೂ ಬೇಕು ಅಂತ ಸಂಘದ ಮೀಟಿಂಗಿನಲ್ಲಿ ತೀರ್ಮಾನವಾಗಿತ್ತು. "ಇಪ್ಪತ್ತು ವರ್ಷ ನಿಂತ್ಕೊಂಡೇ ಕೆಲ್ಸ ಮಾಡಿದೀನಿ ಕಣೇ. ಒಂದೈದು ವರ್ಷ ಕೂತ್ಕೊಂಡು ಮಾಡಿ ನೋಡ್ಬೇಕು," ಅಂತ ಮೊದಲ ಭಾನುವಾರವೇ ನನಗೆ ಹೇಳಿದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಆ ಕುರ್ಚಿ. ಅದನ್ನು ಅವರು ಮುಚ್ಚಿಡಲೂ ಇಲ್ಲ.

ಮಧ್ಯಾಹ್ನ ಇಬ್ಬರೂ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಅವರದು ರೊಟ್ಟಿ, ಮೇಲೆ ಹುಚ್ಚೆಳ್ಳು ಚಟ್ನಿಪುಡಿ. ನನ್ನದು ಗಡಿಬಿಡಿಯಲ್ಲಿ ಕಟ್ಟಿಕೊಂಡ ಚಿತ್ರಾನ್ನ. ಅರ್ಧ ರೊಟ್ಟಿ ಮುರಿದು ನನ್ನ ಮುಚ್ಚಳಕ್ಕೆ ಹಾಕದೆ ಅವರು ತುತ್ತು ಎತ್ತಿದ್ದೇ ನೆನಪಿಲ್ಲ. ನಾನು ನುಂಗಿ ನೀರು ಕುಡಿದು ಏಳುವ ಹೊತ್ತಿಗೆ ಅವರದಿನ್ನೂ ಎರಡನೇ ತುತ್ತು. "ನಿಂಗೇನ್ ರೈಲು ಹೊಂಟೋಯ್ತದಾ? ಕೂತ್ಕೊಳೇ," ಅನ್ನುತ್ತಿದ್ದರು. ಪಾಠವನ್ನೂ ಅಷ್ಟೇ ನಿಧಾನವಾಗಿ ಅಗಿಯುವವರು. ಒಂದು ಪುಟ ಅರ್ಥವಾಗದೆ ಇನ್ನೊಂದು ಪುಟ ತಿರುಗಿಸುತ್ತಿರಲಿಲ್ಲ. ನನಗೆ ತಲೆ ಕೆಡುತ್ತಿತ್ತು.

ಎರಡನೇ ವರ್ಷದ ಕೊನೆಗೆ ಪ್ರಾಜೆಕ್ಟ್. ನಾವೇ ಒಂದು ವಿಷಯ ಆರಿಸಿಕೊಂಡು, ಜನರನ್ನು ಕೇಳಿ, ರಿಪೋರ್ಟ್ ಬರೆದು ಬೈಂಡ್ ಮಾಡಿಸಿ ಕೊಡಬೇಕು. ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರು ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಇದು ಪುಸ್ತಕದಲ್ಲಿದ್ದ ಕ್ರಮ. ನಡೆಯುತ್ತಿದ್ದ ಕ್ರಮ ಬೇರೆ. ಊರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಪ್ರಾಜೆಕ್ಟುಗಳೆಲ್ಲ ಕಂಪ್ಯೂಟರಿನಲ್ಲಿ ತಯಾರಾಗಿರುತ್ತಿದ್ದವು. ಟೂತ್‌ಪೇಸ್ಟ್ ಬೇಕೋ, ಸೋಪು ಬೇಕೋ, ಮೊಬೈಲ್ ಬೇಕೋ ಹೇಳಿದರೆ ಸಾಕು, ಮೊದಲ ಪುಟದಲ್ಲಿ ನಮ್ಮ ಹೆಸರು ಹಾಕಿ ನೀಲಿ ರಟ್ಟಿನಲ್ಲಿ ಬೈಂಡ್ ಮಾಡಿ ಕೈಗೆ ಕೊಡುತ್ತಿದ್ದರು. ಅರ್ಧ ಕ್ಲಾಸು ಅಲ್ಲೇ ತಂದಿತ್ತು. ನಾನು ಟೂತ್‌ಪೇಸ್ಟ್ ತಗೊಂಡೆ. ನಾಚಿಕೆಯೇನೂ ಆಗಲಿಲ್ಲ, ಟೈಮ್ ಉಳಿಯಿತಲ್ಲ ಅಂತ ಖುಷಿಯೇ ಆಯಿತು.

ಅಕ್ಕ ಮಾತ್ರ ಬಗ್ಗಲಿಲ್ಲ. ಅವರ ವಿಷಯ, ಹಳ್ಳಿಯ ಹೆಂಗಸರು ರೆಡಿಮೇಡ್ ಚಟ್ನಿಪುಡಿ ಯಾಕೆ ಕೊಳ್ಳುತ್ತಾರೆ ಅನ್ನುವುದು. ಬೆಳಿಗ್ಗೆ ಹಾಲು ಹಾಕಲು ಸಾಲು ನಿಂತವರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಎಡಗೈಯಲ್ಲಿ ಪರೀಕ್ಷೆ ಕೊಳವೆ, ಬಲಗೈಯಲ್ಲಿ ಪೆನ್ನು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಗುಂಡು ಅಕ್ಷರದಲ್ಲಿ ಬರೆದುಕೊಂಡರು. ಕೆಲವು ಪುಟಗಳ ಮೇಲೆ ಹಾಲಿನ ಕಲೆ. ಇಪ್ಪತ್ತು ವರ್ಷದಿಂದ ದಿನಾ ಎರಡು ಹೊತ್ತು ಮುಖ ನೋಡುವ ಹೆಂಗಸು ಕೇಳಿದರೆ ಯಾರು ತಾನೇ ಸುಳ್ಳು ಹೇಳುತ್ತಾರೆ? ಹಾಗೆ ಕೇಳಿ ಅಕ್ಕ ಕಂಡುಕೊಂಡ ಸಂಗತಿ ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೆಂಗಸರು ಪುಡಿ ಕೊಳ್ಳುತ್ತಿದ್ದರು, ಆದರೆ ಅತ್ತೆಗೆ ಗೊತ್ತಾಗದ ಹಾಗೆ. ಮನೆಗೆ ತಂದವರೇ ಸ್ಟೀಲ್ ಡಬ್ಬಿಗೆ ಸುರಿದು, ಪ್ಯಾಕೆಟ್ಟನ್ನು ಒಲೆಗೆ ಹಾಕಿ, ನಾನೇ ಕುಟ್ಟಿದ್ದು ಅನ್ನುತ್ತಿದ್ದರು. ಹಾಗಾಗಿ ಪ್ಯಾಕೆಟ್ಟಿನ ಮೇಲೆ ಬಣ್ಣದ ಚಿತ್ರ ಇದ್ದರೆಷ್ಟು ಬಿಟ್ಟರೆಷ್ಟು, ಅದು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದಿರಬೇಕು, ಪುಡಿ ಮಾತ್ರ ಒರಳಲ್ಲಿ ಕುಟ್ಟಿದ ಹಾಗೆ ತರಿತರಿಯಾಗಿರಬೇಕು. ಅಕ್ಕ ಇದನ್ನು ಹೇಳುವಾಗ ನಾನು ಮೆಟ್ಟಿಲ ಮೇಲೆ ಬಿದ್ದು ಬಿದ್ದು ನಕ್ಕಿದ್ದೆ. ನನಗೂ ಒಬ್ಬರು ಅತ್ತೆ ಇದ್ದರಲ್ಲ!

ಅವರಿಗೆ ಟೈಪಿಂಗ್ ಬರುತ್ತಿರಲಿಲ್ಲ. ನಾನೇ ಮಾಡಿಕೊಡ್ತೀನಿ ಕೊಡಿ ಅಕ್ಕ ಅಂತ ನೋಟ್‌ಬುಕ್ ಇಸಿದುಕೊಂಡೆ. ಆಗ ನನ್ನ ಮನಸ್ಸಿನಲ್ಲಿ ಒಂದು ಚೂರೂ ಕೆಟ್ಟದ್ದಿರಲಿಲ್ಲ. ಇದನ್ನು ಯಾರಾದರೂ ನಂಬಲಿ ಅಂತ ಈಗಲೂ ಆಸೆ... ನಾಲ್ಕು ಭಾನುವಾರ ಕ್ಲಾಸು ಮುಗಿದ ಮೇಲೆ ನರ್ಸಿಂಗ್ ಹೋಮಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಕೂತು ಟೈಪ್ ಮಾಡಿದೆ.

ರಿಪೋರ್ಟ್ ಕೊಡಲು ಒಂದು ವಾರ ಇದೆ ಅನ್ನುವಾಗ ಸರ್ ಕ್ಲಾಸಿಗೆ ಬಂದವರೇ ಮೂರು ನೀಲಿ ರಟ್ಟಿನ ಪುಸ್ತಕ ಮೇಜಿನ ಮೇಲೆ ಕುಕ್ಕಿದರು. ಮೂರೂ ಸೋಪು, ಮೂರರಲ್ಲೂ ಒಂದೇ ಸಾಲು. ಅಂಗಡಿಯದು ಯಾರೇ ತಂದರೂ ವಾಪಸ್, ಇನ್ನೊಂದು ವರ್ಷ ಕಾಯಬೇಕು ಅಂದರು. ನನ್ನ ಟೂತ್‌ಪೇಸ್ಟ್ ಬ್ಯಾಗಿನಲ್ಲೇ ಇತ್ತು. ಇನ್ನೊಂದು ವರ್ಷ! ಅಷ್ಟರಲ್ಲಿ ನರ್ಸಿಂಗ್ ಹೋಮಿನ ಆ ಜಾಗಕ್ಕೆ ಬೇರೆ ಯಾರನ್ನೋ ತಗೊಂಡುಬಿಡುತ್ತಾರೆ. ಆ ವಾರ ನನಗೆ ನಿಂತರೆ ನಿಲ್ಲಲಾಗದು, ಕೂತರೆ ಕೂರಲಾಗದು. ಜನರನ್ನು ಹುಡುಕಿಕೊಂಡು ಹೋಗಲು ಪುರಸೊತ್ತಿಲ್ಲ. ಕಂಪ್ಯೂಟರ್ ಮುಂದೆ ಕೂತೆ. ಅಕ್ಕನ ರಿಪೋರ್ಟ್ ತೆರೆದೇ ಇತ್ತು. ಅದನ್ನೇ ಇನ್ನೊಂದು ಹೆಸರಿನಲ್ಲಿ ಉಳಿಸಿಕೊಂಡು, ಹೆಬ್ಬೂರು ಅಂತ ಇದ್ದಲ್ಲೆಲ್ಲ ಗುಬ್ಬಿ ಅಂತ ಹಾಕಿದೆ. ಅರವತ್ತು ರಿಪೋರ್ಟು, ಯಾವ ಪರೀಕ್ಷಕ ಕೂತು ಓದುತ್ತಾನೆ, ಮೇಲಿನ ಹಾಳೆ ನೋಡಿ ಮಾರ್ಕ್ಸ್ ಹಾಕುತ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ. ಎರಡನ್ನೂ ಬೈಂಡ್ ಮಾಡಿಸಿ, ಸರ್ ಕೈಗಲ್ಲ, ಕೊನೆಯ ದಿನ ಆಫೀಸಿನಲ್ಲಿ ನಾನೇ ಕೊಟ್ಟುಬಂದೆ. ಅಕ್ಕ ಫೋನಿನಲ್ಲಿ, "ನಿನ್ ಋಣ ಯಾವಾಗ್ ತೀರಿಸ್ಲೇ ತಂಗಿ?" ಅಂದರು.

ಆ ಪರೀಕ್ಷಕರು ಓದುವವರಾಗಿದ್ದರು.

ನನ್ನ ನಂಬರ್ ಮೊದಲು ಬಂತು. ಕನ್ನಡಕ ಹಣೆಗೇರಿಸಿ ಆ ವಯಸ್ಸಾದ ಮನುಷ್ಯ ನನ್ನ ರಿಪೋರ್ಟನ್ನು ಪುಟ ಪುಟವಾಗಿ ತಿರುವಿದರು. ಪ್ಯಾಕೆಟ್ಟನ್ನು ಒಲೆಗೆ ಹಾಕುವ ಕಥೆ ಬಂದಾಗ ನಕ್ಕರು. ಇಂಥದ್ದು ಮನೆಮನೆಗೆ ಹೋದವರಿಗೆ ಮಾತ್ರ ಸಿಗುತ್ತದಮ್ಮ ಅಂದರು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಟೈಪ್ ಮಾಡಿದವಳಿಗೆ ಬಾರದೆ ಇರುತ್ತದೆಯೇ? ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಇಬ್ಬರು ಹೋಗಿ ಬಂದ ಮೇಲೆ ಅಕ್ಕ ಒಳಗೆ ಹೋದರು. ಹೊಸ ಸೀರೆ ಉಟ್ಟಿದ್ದರು.

ಬಾಗಿಲು ಪೂರ್ತಿ ಹಾಕಿರಲಿಲ್ಲ. ಸ್ವಲ್ಪ ಹೊತ್ತು ಹಾಳೆ ತಿರುವುವ ಸದ್ದು. ಆಮೇಲೆ ಪರೀಕ್ಷಕರ ದನಿ ಏರಿತು. ಇದನ್ನು ಈಗ ತಾನೇ ನೋಡಿದೆನಲ್ಲ, ಅಕ್ಷರ ಅಕ್ಷರ ಅದೇ, ಊರೊಂದು ಬದಲಾಯಿಸಿದರೆ ಆಯಿತಾ, ಈ ವಯಸ್ಸಿನಲ್ಲಿ ಕಾಪಿ ಹೊಡೆಯುವುದಕ್ಕೆ ನಾಚಿಕೆ ಆಗಲ್ಲವಾ ಅಂದರು. ಅಕ್ಕನ ದನಿ ಸಣ್ಣದಾಗಿತ್ತು. "ನಾನೇ ಬರ್ದಿದ್ದು ಸಾರ್. ಕೈಯಾಗೆ ಬರ್ದಿರೋ ಪುಸ್ತಕ ಐತೆ. ತಂದ್ ತೋರಿಸ್ತೀನಿ."

ಹೊರಗೆ ಬಂದರು. ನೇರವಾಗಿ ನನ್ನ ಮುಂದೆ ನಿಂತರು. ಕಣ್ಣು ಕೆಂಪಗಾಗಿತ್ತು, ಆದರೂ ನನ್ನ ಮೇಲೆ ಅನುಮಾನ ಇನ್ನೂ ಬಂದಿರಲಿಲ್ಲ ಅನ್ನಿಸುತ್ತದೆ.

"ನನ್ ನೋಟ್‌ಬುಕ್ ಕೊಡೇ ತಂಗಿ, ಬೇಗ."

ನೋಟ್‌ಬುಕ್ ನನ್ನ ತೊಡೆಯ ಮೇಲಿದ್ದ ಬ್ಯಾಗಿನಲ್ಲೇ ಇತ್ತು. ಅವತ್ತು ವಾಪಸ್ ಕೊಡೋಣ ಅಂತಲೇ ತಂದಿದ್ದೆ. ಕೈ ಜಿಪ್ಪಿನ ಹತ್ತಿರ ಹೋಯಿತು ಕೂಡ... "ಮನೇಲಿ ಬಿಟ್ ಬಂದೆ ಅಕ್ಕ," ಅಂದೆ.

ಅವರು ನನ್ನ ಮುಖ ನೋಡಿದರು, ಬ್ಯಾಗ್ ನೋಡಿದರು, ಬ್ಯಾಗನ್ನು ಅವುಚಿಕೊಂಡಿದ್ದ ನನ್ನ ಎರಡೂ ಕೈ ನೋಡಿದರು. ಹಾಲು ನೋಡಿ ನೀರು ಹಿಡಿಯುವ ಹೆಂಗಸಿಗೆ ನನ್ನಂಥವಳ ಸುಳ್ಳು ಹಿಡಿಯುವುದು ಎಷ್ಟು ಹೊತ್ತಿನ ಕೆಲಸ. ಬಯ್ಯಲಿಲ್ಲ. ಒಳಗೆ ಹೋಗಿ ದೂರಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದರು. ಎದ್ದು ಹಿಂದೆ ಓಡಬೇಕಿತ್ತು. ಕೂತಲ್ಲಿ ಕೂರದ ನಾನು ಅವತ್ತು ಮಾತ್ರ ಕೂತೇ ಇದ್ದೆ.

ಅವರ ಫಲಿತಾಂಶ ತಡೆಹಿಡಿದರು. ನನಗೆ ಫಸ್ಟ್ ಕ್ಲಾಸ್ ಬಂತು, ಕೆಲಸವೂ ಸಿಕ್ಕಿತು, ಗುಬ್ಬಿಯಿಂದ ಮನೆ ಬದಲಾಯಿಸಿಕೊಂಡು ತುಮಕೂರಿಗೂ ಬಂದೆವು. ಒಂದು ಸಲ ನನ್ನ ಪ್ರತಿಯನ್ನು ತಿರುವಿ ಹಾಕುವಾಗ ಹದಿನಾಲ್ಕನೇ ಪುಟದಲ್ಲಿ ಒಂದು ಕಡೆ ಹೆಬ್ಬೂರು ಅಂತಲೇ ಉಳಿದುಬಿಟ್ಟಿದ್ದು ಕಂಡಿತು. ಅವತ್ತು ಆ ಮನುಷ್ಯನ ಕಣ್ಣಿಗೆ ಅದು ಬಿದ್ದಿದ್ದರೆ! ಅಕ್ಕನಿಗೆ ಫೋನ್ ಮಾಡಬೇಕು ಅಂತ ಎಷ್ಟು ಸಲ ನಂಬರ್ ತೆಗೆದೆನೋ. ಹಬ್ಬ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ನೆವ ಹೇಳಿಕೊಂಡೇ ವರ್ಷಗಳು ಕಳೆದವು. ಎಲ್ಲದರಲ್ಲೂ ಆತುರದವಳು ಇದೊಂದನ್ನು ಮಾತ್ರ ಮುಂದೂಡುತ್ತಲೇ ಬಂದೆ.

ಹುಚ್ಚೆಳ್ಳು ಹುರಿದ ಆ ವಾರದ ಭಾನುವಾರ, ಇನ್ನು ತಡೆಯಲಾರದೆ, ನೋಟ್‌ಬುಕ್ ತಗೊಂಡು ಕುಣಿಗಲ್ ಬಸ್ ಹತ್ತಿದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಬಯ್ಯಲಿ, ಬಾಗಿಲಲ್ಲೇ ನಿಲ್ಲಿಸಿ ಊರಿಗೆಲ್ಲ ಕೇಳುವ ಹಾಗೆ ಬಯ್ಯಲಿ, ಎಲ್ಲದಕ್ಕೂ ತಯಾರಾಗಿದ್ದೆ.

ಹೆಬ್ಬೂರಲ್ಲಿ ಇಳಿದು ಆಟೋ ಹಿಡಿದು, ಅಕ್ಕ ಎಂದೋ ಹೇಳಿದ್ದ ಗುರುತಿನ ಮೇಲೆ ಮನೆ ಹುಡುಕಿದೆ. ಬಾಗಿಲು ತೆಗೆದವರು ಅವರ ಸೊಸೆ. ಒಳಗೆ ಗೋಡೆಯ ಮೇಲೆ ಅಕ್ಕನ ಫೋಟೋ, ಅದಕ್ಕೆ ಹಾರ. ಕಾಯಿಲೆಯಿಂದ ಹೋಗಿ ಒಂದು ವರ್ಷವಾಗಿತ್ತಂತೆ. ಎಲ್ಲಿಂದ ಬಂದಿದೀರ ಅಂತ ಕೇಳಿದಾಗ, ಅಕ್ಕನ ಜೊತೆ ಓದಿದವಳು, ಆಗ ಗುಬ್ಬಿಯಲ್ಲಿದ್ದೆ ಅಂತ ಹೇಗೋ ಹೇಳಿದೆ. ಆ ಹುಡುಗಿಯ ಮುಖ ಅರಳಿತು.

"ಗುಬ್ಬಿ ಅಕ್ಕನಾ ನೀವು? ಅತ್ತೆ ನಿಮ್ ವಿಷ್ಯ ಹೇಳ್ತಾನೇ ಇರೋರು. ನಾಕು ಭಾನುವಾರ ಕೂತು ನನ್ ಪ್ರಾಜೆಕ್ಟೆಲ್ಲ ಟೈಪ್ ಮಾಡ್ಕೊಟ್ಟೋಳು, ಅಂತ. ಕೂತ್ಕೊಳಿ, ಕಾಫಿ ತರ್ತೀನಿ."

ಕಾಫಿ ಕುಡಿಸುತ್ತ ಉಳಿದದ್ದನ್ನೂ ಹೇಳಿದಳು. ಮಾರನೇ ವರ್ಷ ಅತ್ತೆ ಬೇರೆ ವಿಷಯ ತಗೊಂಡು, ಮತ್ತೆ ಬರೆದು, ಪಾಸಾದರಂತೆ. ಅಷ್ಟರಲ್ಲಿ ಸೆಕ್ರೆಟರಿ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಕೊನೆಯವರೆಗೂ ಅತ್ತೆ ಹಾಲು ಪರೀಕ್ಷೆಯ ಮೇಜಿನ ಹತ್ತಿರವೇ ನಿಂತಿದ್ದರಂತೆ. ಮೊದಲನೇ ಸಲ ಯಾಕೆ ಆಗಲಿಲ್ಲ ಅಂದರೆ, ನಾನೇ ಸರಿಯಾಗಿ ಉತ್ತರ ಹೇಳಲಿಲ್ಲ ಕಣೇ, ಅನ್ನುತ್ತಿದ್ದರಂತೆ.

ನನ್ನನ್ನು ಕಾಪಾಡಿದ್ದರು. ತಮ್ಮ ಸ್ವಂತ ಮನೆಯಲ್ಲಿ, ತಮ್ಮ ಸೊಸೆಯ ಮುಂದೆ, ತಾವೇ ದಡ್ಡಿ ಅನ್ನಿಸಿಕೊಂಡು ನನ್ನನ್ನು ಒಳ್ಳೆಯವಳು ಮಾಡಿಟ್ಟಿದ್ದರು. ಕಾಫಿ ಕುಡಿದು, ಕಣ್ಣೊರೆಸಿಕೊಂಡು, ಎದ್ದು ಬಂದುಬಿಡಬಹುದಿತ್ತು. ಅಕ್ಕ ನನಗೆ ಆ ದಾರಿಯನ್ನೂ ಬಿಟ್ಟು ಹೋಗಿದ್ದರು. ಆದರೆ ಇನ್ನೊಂದು ಸಲ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಲೋಟ ಕೆಳಗಿಟ್ಟು, ನೋಟ್‌ಬುಕ್ ಅವಳ ಕೈಗೆ ಕೊಟ್ಟು, ಎಲ್ಲವನ್ನೂ ಹೇಳಿದೆ. ಬ್ಯಾಗಿನ ವಿಷಯವನ್ನೂ ಹೇಳಿದೆ.

ಅವಳು ನೋಟ್‌ಬುಕ್ಕಿನ ಹಾಳೆಗಳನ್ನು ನಿಧಾನವಾಗಿ ತಿರುವಿದಳು. ಅತ್ತೆಯ ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿದಳು. "ಅವ್ರು ಇದ್ದಾಗ ಬರ್ಬೇಕಿತ್ತು ಅಕ್ಕ ನೀವು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಮನೆಗೆ ಬಂದ ಮುತ್ತೈದೆಯನ್ನು ಬರಿ ಹಣೆಯಲ್ಲಿ ಕಳಿಸಬಾರದಲ್ಲ. ನಾನು ಇಟ್ಟುಕೊಳ್ಳುವವರೆಗೂ ಬಟ್ಟಲು ಹಿಡಿದು ನಿಂತಿದ್ದಳು, ನನ್ನ ಮುಖ ಮಾತ್ರ ನೋಡಲಿಲ್ಲ.

ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಅಂತಾರೆ. ನನಗೆ ಆಗಿಲ್ಲ. ಒಂದು ತಿಂಗಳಾಯಿತು, ಆಫೀಸಿನಲ್ಲಿ ಕೂತವಳು ಸುಮ್ಮಸುಮ್ಮನೆ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತೇನೆ. ಸೊಸೆಗೆ ಹೇಳಿದ್ದು ಅಕ್ಕನಿಗೆ ಹೇಳಿದ ಹಾಗಾಗಲಿಲ್ಲ. ಅವರು ನನ್ನನ್ನು ಬಯ್ಯಬೇಕಿತ್ತು. ಒಂದು ಸಲ, ಬಾಯಿ ತುಂಬ. ಬಯ್ಯಲು ಅವರಿಲ್ಲ, ನಾನು ಬೈಸಿಕೊಳ್ಳದೇ ಉಳಿದುಬಿಟ್ಟೆ.